ಹಾರ್ನ್ ಹೊಡೆಯದ ಜನ

ಡಿಸೆಂಬರ್ 9, 2024, ಸೋಮವಾರ

ಇವತ್ತಿನಿಂದ ನನ್ನ ಬೈಗುಳವೆಲ್ಲ ಈ ಪುಸ್ತಕಕ್ಕೆ. ಬೆಳಿಗ್ಗೆ ಡಿಪೋ ಮ್ಯಾನೇಜರ್ ಕರೆಸಿದ್ದರು. "ಸಂಜೀವಯ್ಯ, ನಿಮ್ಮ ಮೇಲೆ ಇದು ಮೂರನೇ ಕಂಪ್ಲೇಂಟು. ಬಸ್ಸು ಚೆನ್ನಾಗಿ ಓಡಿಸ್ತೀರಿ, ಬಾಯಿಗೆ ಮಾತ್ರ ಬ್ರೇಕಿಲ್ಲ. ಫೆಬ್ರವರಿ ಕೊನೆಗೆ ರಿಟೈರಾಗೋರು. ಅಲ್ಲಿವರೆಗೂ ರಸ್ತೇಲಿ ಯಾರನ್ನೂ ಬೈಬೇಡಿ. ತಡೆಯಕ್ಕಾಗಲ್ಲ ಅಂದ್ರೆ ಮನೆಗೆ ಹೋಗಿ ಬರ್ಕೊಳ್ಳಿ" ಅಂದರು. ಆಯಿತು, ಬರೆದುಕೊಳ್ಳುತ್ತೇನೆ. ಸರಕಿಗೇನು ಬರವಿಲ್ಲ.

ಮಧುಗಿರಿಯಿಂದ ಬಡವನಹಳ್ಳಿ ಮೇಲೆ ಶಿರಾ, ಶಿರಾದಿಂದ ದೊಡ್ಡ ಹೈವೇ ಹಿಡಿದು ತುಮಕೂರು, ಅದೇ ದಾರಿಯಲ್ಲಿ ವಾಪಸ್ಸು. ಇದು ನನ್ನ ಶೆಡ್ಯೂಲು. ಶಿರಾ ದಾಟಿದ ಕೂಡಲೇ ಶುರುವಾಗುತ್ತದೆ. ಎಡಗಡೆ ಲೇನು ಖಾಲಿ ಬಿದ್ದಿರುತ್ತದೆ, ಲಾರಿಯವನು ಬಲಗಡೆ ಲೇನನ್ನು ಮಾವನ ಮನೆಯಿಂದ ಬಳುವಳಿ ಬಂದ ಹಾಗೆ ಹಿಡಿದುಕೊಂಡು ಮೂವತ್ತರಲ್ಲಿ ಹೋಗುತ್ತಾನೆ. ಅವನನ್ನು ದಾಟಲು ಕಾರಿನವರು ಎಡಗಡೆಯಿಂದ ನುಗ್ಗುತ್ತಾರೆ. ಅಷ್ಟರಲ್ಲಿ ಎದುರುಗಡೆಯಿಂದ, ಹೌದು, ಒನ್‌ವೇ ಹೈವೇಯಲ್ಲಿ ಎದುರುಗಡೆಯಿಂದ, ಒಬ್ಬ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುತ್ತಾನೆ. ಯೂ ಟರ್ನ್ ಒಂದು ಕಿಲೋಮೀಟರ್ ದೂರವಂತೆ. ಹಾರ್ನ್ ಹೊಡೆದರೆ ನನ್ನನ್ನೇ ಗುರಾಯಿಸುತ್ತಾನೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂತ ಗಾದೆ ಮಾಡಿದವರು ಈ ಹೈವೇಯನ್ನು ಕಂಡೇ ಮಾಡಿರಬೇಕು.

ಪಾವಗಡ ರೂಟಿನಲ್ಲಿ ಹನ್ನೆರಡು ವರ್ಷ, ಕೊರಟಗೆರೆ ರೂಟಿನಲ್ಲಿ ಆರು, ಮಿಕ್ಕಿದ್ದು ಇಲ್ಲಿ. ಒಟ್ಟು ಮೂವತ್ತೊಂದು. ಒಂದು ಆಕ್ಸಿಡೆಂಟಿಲ್ಲ. ಒಂದು ಕೋಳಿ ಸತ್ತಿಲ್ಲ. ಜನವರಿ ಇಪ್ಪತ್ತಾರಕ್ಕೆ ಡಿಪೋದಲ್ಲಿ ಬಾವುಟ ಹಾರಿಸಿದ ಮೇಲೆ ನನಗೆ ಚಿನ್ನದ ಪದಕ. ಅಷ್ಟರೊಳಗೆ ಈ ನಾಲಾಯಕರಲ್ಲಿ ಯಾರೂ ನನ್ನ ಚಕ್ರಕ್ಕೆ ಸಿಗದಿದ್ದರೆ ಸಾಕು.

ಡಿಸೆಂಬರ್ 12, ಗುರುವಾರ

ಜನಕ್ಕೆ ಹೊಸ ರೋಗ ಬಂದಿದೆ. ಹಾರ್ನ್ ಹೊಡೆಯುವುದನ್ನೇ ಬಿಟ್ಟಿದ್ದಾರೆ. ಹಿಂದೆ ಪಾವಗಡದ ಕಡೆ ಸೈಕಲ್ಲಿನವನೂ ಬೆಲ್ ಮಾಡದೆ ಸೈಡು ಹೊಡೆಯುತ್ತಿರಲಿಲ್ಲ. ಈಗ ದೆವ್ವ ಬಂದ ಹಾಗೆ ಸದ್ದಿಲ್ಲದೆ ಬಲಗಡೆ ಬಂದು ನಿಂತಿರುತ್ತಾರೆ.

ಬಸ್ಸಿನ ಕನ್ನಡಿಗೆ ಕಾಣದ ಒಂದು ಮೂಲೆ ಇದೆ. ಬಲಗಡೆ, ನನ್ನ ಬಾಗಿಲಿನಿಂದ ಸ್ವಲ್ಪ ಹಿಂದೆ. ಆ ಮೂಲೆಗೆ ಕಿವಿಯೇ ಕಣ್ಣು. ಹೊಸ ಡ್ರೈವರುಗಳಿಗೆ ನಾನು ಮೊದಲು ಹೇಳಿಕೊಡುವ ಪಾಠವೇ ಅದು. ಇವತ್ತು ಶಿರಾ ಹೊರಗೆ ಆ ಮೂಲೆಯಿಂದ ಒಂದು ಜೀಪು ಚಂಗನೆ ಎದ್ದು ಬಂತು. ಒಂದು ಗೇಣು ತಪ್ಪಿತು.

"ನೋಡ್ದೇನಮ್ಮಾ, ಒಂದು ಹಾರ್ನ್ ಇಲ್ಲ, ಏನಿಲ್ಲ" ಅಂತ ಕಂಡಕ್ಟರ್ ಗಂಗಲಕ್ಷ್ಮಿಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಟಿಕೆಟ್ ಕೊಟ್ಟು ಮುಗಿಸಿ ತನ್ನ ಸೀಟಿಗೆ ಹೋಗದೆ ನನ್ನ ಸೀಟಿನ ಹಿಂದಿನ ಕಂಬಿ ಹಿಡಿದು ನಿಂತಳು. ಯಾಕಮ್ಮ ಅಂದರೆ, "ಇಲ್ಲಿ ಗಾಳಿ ಬರ್ತೈತೆ ಅಣ್ಣ" ಅಂದಳು. ಡಿಸೆಂಬರ್ ಚಳಿಯಲ್ಲಿ ಅವಳಿಗೆ ಗಾಳಿ ಬೇಕಂತೆ.

ಡಿಸೆಂಬರ್ 17, ಮಂಗಳವಾರ

ಇವತ್ತು ಗಂಗಲಕ್ಷ್ಮಿಗೂ ಬೈದೆ. ಬಾಯಲ್ಲೇ. ಬಡವನಹಳ್ಳಿಯಲ್ಲಿ ಒಬ್ಬ ಮುದುಕ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟಿದ್ದಾಗ ನಾನು ಬಸ್ಸು ಎತ್ತಿಬಿಟ್ಟೆ. ಜನ ಹೋ ಅಂದಮೇಲೆ ನಿಲ್ಲಿಸಿದೆ. ನಿಲ್ಲಿಸಿ ಅಂತ ಹೋಲ್ಡಾನ್ ವಿಷಲ್ ಹೊಡೆದೆ ಅಂತಾಳೆ. ಹೊಡೆದಳಂತೆ, ಉಗುಳು ಸಿಕ್ಕಿಕೊಂಡ ಪೀಪಿಯ ಹಾಗೆ. "ಹೊಸ ವಿಷಲ್ ತಗೊಳ್ಳಮ್ಮ, ಇಲ್ಲ ಹೊಸ ಕೆಲಸ ನೋಡ್ಕೊ" ಅಂದೆ. ಸಂಜೆಗೆ ಕೆಂಪು ಬಣ್ಣದ ಹೊಸ ವಿಷಲ್ ಕೊರಳಲ್ಲಿ ತೂಗುತ್ತಿತ್ತು. ಅದೂ ಅಷ್ಟಕ್ಕಷ್ಟೆ. ಈಗಿನ ಸಾಮಾನು ಯಾವುದರಲ್ಲೂ ದಮ್ಮಿಲ್ಲ.

ಮನೆಗೆ ಬಂದರೆ ಇಲ್ಲೂ ಅದೇ ಕತೆ. ಸರಸಮ್ಮ ಈಚೆಗೆ ಅರ್ಧ ಮಾತು ನುಂಗಿ ಮಾತಾಡುತ್ತಾಳೆ. ಮೂವತ್ತೈದು ವರ್ಷ ಸಂಸಾರ ಮಾಡಿದ ಮೇಲೆ ಗಂಡನ ಹತ್ತಿರ ಬಾಯಿ ಬಿಟ್ಟು ಮಾತಾಡಲು ಇವಳಿಗೆ ಏನು ಬಂದಿದೆ? ಪಕ್ಕದ ಮನೆ ಲಕ್ಷ್ಮಯ್ಯ ಬೇರೆ ಬಂದು, ನಿಮ್ಮ ಟಿವಿ ನಮ್ಮ ನಡುಮನೆಯಲ್ಲೇ ಓಡುತ್ತಿದೆ ಅಂತ ಹಲ್ಲು ಕಿರಿದ. ಅವನಿಗೆ ನಮ್ಮ ಮನೆ ಕಡೆ ಕಿವಿ ಇಟ್ಟುಕೊಂಡು ಕೂರದೆ ಬೇರೆ ಕೆಲಸವಿಲ್ಲ.

ಡಿಸೆಂಬರ್ 23, ಸೋಮವಾರ

ಹುರುಳಿ ಶುರುವಾಯಿತು. ಈ ಭಾಗದಲ್ಲಿ ಸುಗ್ಗಿ ಬಂತೆಂದರೆ ಯಾರೂ ಕಣ ಸಾರಿಸುವುದಿಲ್ಲ, ಟಾರು ರಸ್ತೆನೇ ಕಣ. ಗಿಡ ಕಿತ್ತು ತಂದು ಅರ್ಧ ರಸ್ತೆಗೆ ಹಾಸುತ್ತಾರೆ, ಸುತ್ತ ತಲೆಗಾತ್ರದ ನಾಲ್ಕು ಕಲ್ಲಿಡುತ್ತಾರೆ, ಬಸ್ಸು ಲಾರಿ ಹತ್ತಿ ಒಕ್ಕಣೆ ಮಾಡಿಕೊಡಲಿ ಅಂತ ಬೇಲಿ ನೆರಳಲ್ಲಿ ಕೂರುತ್ತಾರೆ. ಅದರಲ್ಲಿ ಮೊದಲನೆಯವಳು ಬಡವನಹಳ್ಳಿಯಿಂದ ಶಿರಾ ಕಡೆಗೆ ಎರಡು ಮೈಲಿ ಆಚೆ ಇರುವ ಹನುಮಕ್ಕ. ಪ್ರತಿ ವರ್ಷ ಅದೇ ಜಾಗ. ನನ್ನ ಬಸ್ಸು ಕಂಡರೆ ಎದ್ದು ನಿಂತು, ಬಾ ಬಾ ಅಂತ ಕೈಬೀಸಿ ತನ್ನ ಹುರುಳಿ ಮೇಲೆ ಹತ್ತಿಸಿಕೊಳ್ಳುತ್ತಾಳೆ.

ಈ ವರ್ಷ ಅವಳ ಸೊಪ್ಪಿಗೆ ಜೀವವೇ ಇಲ್ಲ. ಮುಂಚೆಯಾದರೆ ಟೈರು ಹತ್ತಿದ ಕೂಡಲೇ ಚಟಪಟ ಚಟಪಟ ಅಂತ ಕಾಯಿ ಸಿಡಿಯುವುದು ಕಿಟಕಿಯಲ್ಲಿ ಕೇಳುತ್ತಿತ್ತು. ಇವತ್ತು ಒಂದು ಸದ್ದಿಲ್ಲ. ಬಸ್ಸು ನಿಲ್ಲಿಸಿ ತಲೆ ಹೊರಗೆ ಹಾಕಿ, "ಹಸೀದು ತಂದು ಹಾಕಿದ್ದೀಯಲ್ಲಮ್ಮ, ಒಂದು ಕಾಯೂ ಸಿಡಿಯಲ್ಲ. ರಸ್ತೆ ಗಲೀಜು ಮಾಡೋಕೆ ಹಾಸ್ತೀಯೇನು?" ಅಂದೆ. ಬಸ್ಸಿನವರೆಲ್ಲ ನಕ್ಕರು. ಹನುಮಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಏನೋ ಅಂದಳು. ಅವಳೂ ಬಾಯೊಳಗೇ ಮಾತಾಡುವ ಜಾತಿ.

ಡಿಸೆಂಬರ್ 29, ಭಾನುವಾರ

ರಜ. ಬೈಯಲು ಯಾರೂ ಸಿಗಲಿಲ್ಲ.

ಸರಸಮ್ಮ ಡಾಕ್ಟರ ಹತ್ತಿರ ಹೋಗಿ ಬರೋಣ ಅಂದಳು. ಯಾಕೆ ಅಂದೆ. ಏನೋ ಅಂದಳು, ಸರಿಯಾಗಿ ಕೇಳಿಸಲಿಲ್ಲ. ಅವಳ ಮಂಡಿ ನೋವಿಗಿರಬೇಕು. ಸಂಕ್ರಾಂತಿ ಆಗಲಿ ಅಂದೆ.

ಜನವರಿ 4, 2025, ಶನಿವಾರ

ಇವತ್ತು ಕಂಡದ್ದನ್ನು ಬರೆಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಶಿರಾಗೆ ಇಳಿಯುವ ಸರ್ವಿಸ್ ರಸ್ತೆ ದಾಟಿ ಮುಂದೆ ಹೋಗಿಬಿಟ್ಟಿದ್ದ ಒಬ್ಬ ಕಾರಿನವನು ಹೈವೇ ಮಧ್ಯದಲ್ಲೇ ರಿವರ್ಸ್ ಬಂದ. ನೂರು ನೂರಿಪ್ಪತ್ತರಲ್ಲಿ ಗಾಡಿಗಳು ಬರುತ್ತಿವೆ, ಇವನು ಕೊಟ್ಟಿಗೆಗೆ ಹಿಂದುಹಿಂದಕ್ಕೆ ಹೋಗುವ ಎಮ್ಮೆಯ ಹಾಗೆ ಬರುತ್ತಿದ್ದಾನೆ. ನಾನು ಬ್ರೇಕ್ ಒತ್ತಿದ ಏಟಿಗೆ ನಿಂತಿದ್ದವರೆಲ್ಲ ಮುಂದಕ್ಕೆ ಮುಗ್ಗರಿಸಿದರು. ಕಾರಿನವನು ಕಿಟಕಿ ಇಳಿಸಿ ನನಗೆ ಕೈ ತೋರಿಸಿ 'ತಾಳು' ಅಂದ. ತಾಳಬೇಕಂತೆ. ಲೈಸೆನ್ಸ್ ಕೊಟ್ಟವರು, ಕಾರು ಮಾರಿದವರು, ಇವನಿಗೆ ಹೆಣ್ಣು ಕೊಟ್ಟವರು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಬೇಕು.

ಆ ಸಿಟ್ಟಿನಲ್ಲೇ ಬಂದರೆ ಹನುಮಕ್ಕ ಮತ್ತೆ ಹಾಸಿಕೊಂಡು ಕೂತಿದ್ದಾಳೆ. ಮತ್ತೆ ಸದ್ದಿಲ್ಲದ ಹಸಿ ಸೊಪ್ಪು. ಸರ್ಕಾರಿ ಬಸ್ಸೇನು ಇವಳ ಮನೆ ಒಕ್ಕಣೆಯ ರೋಣಗಲ್ಲೇ? ಇನ್ನು ಮೇಲೆ ಇವಳ ಹುರುಳಿ ಮೇಲೆ ನನ್ನ ಒಂದು ಚಕ್ರವೂ ಹತ್ತುವುದಿಲ್ಲ. ಬಳಸಿಕೊಂಡು ಹೋಗುತ್ತೇನೆ, ಕೋಲು ತಗೊಂಡು ಅವಳೇ ಬಡಿದುಕೊಳ್ಳಲಿ.

ಜನವರಿ 8, ಬುಧವಾರ

ಮೊದಲ ಸಾಲನ್ನು ಎರಡು ಸಲ ಹೊಡೆದುಹಾಕಿ ಬರೆದೆ. ಸಿಟ್ಟಿಗೆ.

ಶಿರಾ ಬಿಟ್ಟ ನಾಲ್ಕೂವರೆ ಟ್ರಿಪ್ಪು. ಕಾಲೇಜು ಹುಡುಗಿಯರು, ಸಂತೆ ಚೀಲ, ಐವತ್ತು ಜನ. ಹನುಮಕ್ಕನ ಹುರುಳಿ ಎಡಗಡೆ ಅರ್ಧ ರಸ್ತೆ ಹಿಡಿದಿತ್ತು. ಬಲಗಡೆ ಮಣ್ಣಿನ ಮೇಲೆ ಅವಳು ಒಕ್ಕಿ ಎಸೆದ ಹೊಟ್ಟಿನ ಗುಡ್ಡೆ, ಆಳೆತ್ತರ. ಎದುರಿಗೆ ಯಾರೂ ಇಲ್ಲ. ಕನ್ನಡಿ ನೋಡಿದೆ, ಖಾಲಿ. ಬಳಸಿಕೊಂಡು ಹೋಗಲು ಬಲಕ್ಕೆ ಎಳೆದೆ. ಇಂಡಿಕೇಟರ್ ಹಾಕಿದ್ದೆನೇ? ಹಾಕಿರಬೇಕು. ಹಾಕದೆ ತಿರುಗಿಸುವವನಲ್ಲ ನಾನು.

ಗಂಗಲಕ್ಷ್ಮಿ ನನ್ನ ಭುಜಕ್ಕೆ ಬಾರಿಸಿದಳು. ಬ್ರೇಕ್ ಒತ್ತಿ ತಿರುಗಿ ನೋಡಿದರೆ ಒಂದು ಬೈಕು ನನ್ನ ಮುಂದಿನ ಚಕ್ರದ ಪಕ್ಕದಿಂದ ಹಾರಿ ನೇರವಾಗಿ ಹೊಟ್ಟಿನ ಗುಡ್ಡೆಗೆ ನುಗ್ಗಿತು. ಗಂಡ, ಹೆಂಡತಿ, ಹೆಂಡತಿಯ ತೊಡೆಯ ಮೇಲೆ ಮಗು. ಮೂವರೂ ಹೊಟ್ಟಿನೊಳಗೆ ಮುಳುಗಿ ಎದ್ದರು. ಅವನ ಮೊಣಕೈ ತರಚಿತ್ತು, ಅಷ್ಟೆ. ಗುಡ್ಡೆ ಇಲ್ಲದಿದ್ದರೆ ಅಲ್ಲಿ ಕಲ್ಲುಕಂಬದ ಬೇಲಿ.

ಇಳಿದು ಹೋದೆ. "ಹಾರ್ನ್ ಹೊಡಿಯೋಕೆ ಏನಾಗಿತ್ತೋ ನಿನಗೆ? ಮಗೂನ ಇಟ್ಕೊಂಡು ಬಸ್ಸಿಗೆ ಸೈಡ್ ಹೊಡೀತೀಯಾ?" ಅಂದೆ.

"ಹೊಡ್ದೆ ಸಾರ್. ಹೊಡೀತಾನೇ ಬಂದೆ" ಅಂದ.

ತಪ್ಪು ಮಾಡಿ ಸುಳ್ಳು ಬೇರೆ. ಕೆನ್ನೆಗೆ ಒಂದು ಬಾರಿಸಿದೆ. ಜನವೆಲ್ಲ ಇಳಿದು ಬಂದರು. ಡೈರಿ ಸೆಕ್ರೆಟರಿ ದೊಡ್ಡರಂಗಯ್ಯ, ದಿನಾ ನನ್ನ ಬಸ್ಸಿನಲ್ಲೇ ಓಡಾಡುವವರು, ಅವನ ಕಾಲರ್ ಹಿಡಿದು, "ಸಂಜೀವಣ್ಣ ಮೂವತ್ತು ವರ್ಸದಾಗೆ ಒಂದು ಇರುವೆ ಸಾಯಿಸಿಲ್ಲ ಕಣ್ಲಾ. ಅವರದ್ದು ತಪ್ಪು ಅಂತೀಯಾ? ಕ್ಷಮೆ ಕೇಳ್ಲಾ ಮೊದ್ಲು" ಅಂದರು. ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ನನಗೆ ಕೈ ಮುಗಿದು, "ತಪ್ಪಾಯ್ತು ಸಾರ್" ಅಂದ. ಬಡವನಹಳ್ಳಿಯವನಂತೆ, ನವೀನ್ ಕುಮಾರ್, ಪಂಪಿನ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾನಂತೆ. ಹೆಂಡತಿ ಮಾತ್ರ ಮಗುವಿನ ತಲೆಯಿಂದ ಹೊಟ್ಟು ಆರಿಸುತ್ತಾ ನನ್ನನ್ನೇ ನೋಡುತ್ತಿದ್ದಳು.

ಮೂವತ್ತೊಂದು ವರ್ಷದ ಹೆಸರು ಒಂದು ಬೈಕಿನವನ ಕೈಯಲ್ಲಿ ಹೋಗುವುದರಲ್ಲಿತ್ತು.

ಜನವರಿ 9, ಗುರುವಾರ

ಗಂಗಲಕ್ಷ್ಮಿಗೂ ಕೊಬ್ಬು. ಬೆಳಿಗ್ಗೆ ಬಸ್ಸು ತೆಗೆಯುವ ಮುಂಚೆ ನನ್ನ ಎಡಗಡೆ ಬಂದು ನಿಂತಳು. ಈಚೆಗೆ ಯಾವಾಗಲೂ ಎಡಗಡೆಯೇ ನಿಲ್ಲುತ್ತಾಳೆ.

"ಆ ಅಣ್ಣ ಹಾರ್ನ್ ಹೊಡ್ದಿದ್ದು ನಿಜ, ಸಂಜೀವಣ್ಣ. ನಾನು ಕೇಳಿಸ್ಕೊಂಡೆ. ಹಿಂದ್ಗಡೆ ಸೀಟಿನೋರೂ ಕೇಳಿಸ್ಕೊಂಡವ್ರೆ."

"ಅಲ್ಲೇ ಯಾಕೆ ಬಾಯಿ ಬಿಡಲಿಲ್ಲ?"

"ಅಷ್ಟು ಜನದ ಮುಂದೆ ನಿಮ್ಮ ಮರ್ಯಾದೆ ತೆಗಿಯಕ್ಕೆ ಮನಸು ಬರ್ಲಿಲ್ಲ. ನನ್ನದೂ ತಪ್ಪೇ. ಒಂದು ತಿಂಗಳಿಂದ ನೋಡ್ತಾ ಇದ್ದೀನಿ, ನಿಮ್ಮ ಸೀಟಿನ ಹಿಂದೆ ಸುಮ್ನೆ ನಿಂತ್ಕೋತೀನಾ ನಾನು? ನೀವೇ ಡಿಪೋದಾಗೆ ಹೇಳಿ. ನಾನ್ ಹೇಳಿದ್ರೆ ಪದಕ ತಪ್ಪಿಸಿದ್ಲು ಅಂತಾರೆ. ಹಬ್ಬದವರ್ಗೂ ನೋಡ್ತೀನಿ, ಆಮೇಲೆ ನಾನೇ ಹೇಳ್ತೀನಿ."

ಏನು ಹೇಳಬೇಕಂತೆ ನಾನು? ಕೆಲಸಕ್ಕೆ ಸೇರಿ ಆರು ವರ್ಷವಾಗಿಲ್ಲ, ನನಗೆ ಗಡುವು ಕೊಡುತ್ತಾಳೆ. ನನ್ನ ಪದಕದ ಮೇಲೆ ಡಿಪೋದಲ್ಲಿ ಎಷ್ಟು ಜನರ ಕಣ್ಣಿದೆ ಅಂತ ಈಗ ಗೊತ್ತಾಯಿತು. ಉಂಡ ಮನೆಗೆ ಎರಡು ಬಗೆಯುವವರು.

ಜನವರಿ 11, ಶನಿವಾರ

ಹನುಮಕ್ಕ ರಸ್ತೆ ಮಧ್ಯೆ ನಿಂತು ಎರಡು ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದಳು. ಬೈಯಲೆಂದೇ ಇಳಿದೆ. ಅವಳು ನನಗಿಂತ ಮುಂಚೆ ಶುರುಮಾಡಿದಳು.

"ಏನಪ್ಪಾ ಡ್ರೈವರಪ್ಪ, ನನ್ ಉಳ್ಳಿ ಕಂಡ್ರೆ ಬಳಸ್ಕಂಡ್ ಓಗ್ತೀಯ. ಅಸೀದು ಅಸೀದು ಅಂತ ಬಸ್ನೋರ್ ಮುಂದೆಲ್ಲ ನನ್ ಮಾನ ಕಳೀತೀಯ. ಎಂಟು ದಿನ ಬಣವೆ ಆಕಿ ಒಣಗಿಸೀವ್ನಿ. ಬಾ ಇಲ್ಲಿ, ಕೇಳು."

ಬೊಗಸೆ ತುಂಬ ಕಾಯಿ ಬಾಚಿಕೊಂಡು, ಬಲಗಡೆಯಿಂದ ನನ್ನ ಕಿವಿಯ ಹತ್ತಿರ ಹಿಡಿದು ಎರಡು ಕೈಯಲ್ಲೂ ಹೊಸಕಿದಳು. ಸಿಪ್ಪೆ ನನ್ನ ಹೆಗಲ ಮೇಲೆ ಉದುರಿತು. ಕಾಳು ಕೆನ್ನೆಗೆ ಬಡಿಯಿತು.

"ಕೇಳುಸ್ತಾ?"

"ಏನು ಕೇಳಿಸೋದು? ಹಸೀದು" ಅಂದೆ.

ಅವಳು ನನ್ನನ್ನೊಮ್ಮೆ ನೋಡಿದಳು. ಇನ್ನೊಂದು ಬೊಗಸೆ ತೆಗೆದುಕೊಂಡು ಸುತ್ತಿ ಬಂದು ಎಡಗಡೆ ನಿಂತು ಹೊಸಕಿದಳು. ಚಟಪಟ ಚಟಪಟ ಅಂತು. ಒಲೆಯಲ್ಲಿ ಉಪ್ಪು ಹಾಕಿದ ಹಾಗೆ.

ನಾನೇ ಬಗ್ಗಿ ಒಂದು ಕಾಯಿ ತಗೊಂಡೆ. ಬಲಗಿವಿಯ ಹತ್ತಿರ ಹಿಸುಕಿದೆ. ಬೆರಳಿಗೆ ಸಿಡಿದದ್ದು ಗೊತ್ತಾಯಿತು, ಕಿವಿಗೆ ಗೊತ್ತಾಗಲಿಲ್ಲ. ಇನ್ನೊಂದು. ಇನ್ನೊಂದು. ಬಸ್ಸಿನ ಕಿಟಕಿಯಲ್ಲೆಲ್ಲ ತಲೆಗಳು. ಹನುಮಕ್ಕ ಸಣ್ಣಗೆ, "ಬುಡಪ್ಪ, ಸಾಕು" ಅಂದಳು. ಅದು ಕೇಳಿಸಿತು. ಅವಳು ಎಡಗಡೆ ಇದ್ದಳು.

ಮಧುಗಿರಿವರೆಗೆ ಇಪ್ಪತ್ತರ ಮೇಲೆ ಓಡಿಸಲಿಲ್ಲ. ಗಂಗಲಕ್ಷ್ಮಿ ನನ್ನ ಎಡಗಿವಿಯ ಹತ್ತಿರ ಬಗ್ಗಿ ಹೇಳುತ್ತಾ ಬಂದಳು. "ಬಲಗಡೆ ಬೈಕು ಅಣ್ಣ. ಬಲಗಡೆ ಕಾರು, ಹಾರ್ನ್ ಹೊಡೀತಾವ್ನೆ. ಈಗ ಖಾಲಿ." ಎಲ್ಲರೂ ಹೊಡೆಯುತ್ತಿದ್ದರು. ಇಷ್ಟು ದಿನ ಎಲ್ಲರೂ ಹೊಡೆಯುತ್ತಲೇ ಇದ್ದರು.

ಜನವರಿ 12, ಭಾನುವಾರ

ಅವತ್ತು ಸರಸಮ್ಮ ಡಾಕ್ಟರ ಹತ್ತಿರ ಹೋಗೋಣ ಅಂದದ್ದು ಮಂಡಿ ನೋವಿಗಲ್ಲವಂತೆ.

ಜನವರಿ 14, ಮಂಗಳವಾರ, ಸಂಕ್ರಾಂತಿ

ನಿನ್ನೆಯಿಂದ ರಜ ಹಾಕಿದ್ದೇನೆ. ಇನ್ನೂ ಸ್ವಲ್ಪ ರಜ ಉಳಿದಿದೆ. ಇಪ್ಪತ್ತಾರರವರೆಗೆ ಎಳೆದರೆ ಪದಕ ಕೈಗೆ ಬರುತ್ತದೆ, ಆಮೇಲೆ ಹೇಳಿದರಾಯಿತು, ಯಾರಿಗೇನು ನಷ್ಟ ಅಂತ ಲೆಕ್ಕ ಹಾಕಿದೆ. ಬೈಕಿನವನ ಮನೆಗೆ ಮಾತ್ರ ಹೋಗಿ ಬರೋಣ ಅನ್ನಿಸಿತು. ಸರಸಮ್ಮ ಎಳ್ಳುಬೆಲ್ಲದ ಪೊಟ್ಟಣ ಕಟ್ಟಿಕೊಟ್ಟಳು.

ಮನೆ ಮುಂದಿನ ಅಂಗಡಿಯಲ್ಲಿ ಮೋಟಾರು ಬಿಚ್ಚುತ್ತಿದ್ದ ನವೀನ್ ಕುಮಾರ್ ನನ್ನನ್ನು ಕಂಡವನೇ ಎದ್ದು ನಿಂತ. "ಸಾರ್, ಅವತ್ತೇ ತಪ್ಪಾಯ್ತು ಅಂದ್ನಲ್ಲ ಸಾರ್" ಅಂದ. ಹೊಡೆಸಿಕೊಂಡವನು ಅವನು, ಹೆದರಿದವನೂ ಅವನೇ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನೀನು ಹಾರ್ನ್ ಹೊಡೆದಿದ್ದೆ. ನನಗೆ ಆ ಕಿವಿ ಕೇಳಲ್ಲ. ತಪ್ಪು ನನ್ನದು" ಅಂದೆ.

ಅವನು, "ಬುಡಿ ಸಾರ್, ಆಗೋಯ್ತಲ್ಲ" ಅಂದ. ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು, ತೇಜಸ್ವಿನಿ ಅಂತ ಹೆಸರು. ನನ್ನ ಎಳ್ಳುಬೆಲ್ಲ ಮುಟ್ಟಲಿಲ್ಲ.

"ಆಗೋಯ್ತು ಅಂದ್ರೆ ಹೆಂಗೆ? ಹೊಡ್ದಿದ್ದು ಐವತ್ ಜನದ ಮುಂದೆ, ತಪ್ಪು ಅನ್ನೋದು ಮನೆ ಬಾಗ್ಲಾಗೆ ಬಂದು. ಇವ್ರು ಈಗ್ಲೂ ಆ ಬಸ್ಸು ಬಂದ್ರೆ ಅಂಗಡಿ ಒಳಗಡೆ ಓಗಿ ಕೂತ್ಕೋತಾರೆ. ಸುಳ್ಳ ಅಂದ್ರು ಎಲ್ರೂ. ಅವ್ರಿಗೆ ಯಾರ್ ಹೇಳ್ತಾರೆ?"

ನನಗೆ ಸಿಟ್ಟು ಬಂತು. ಹಬ್ಬದ ದಿನ ಮನೆವರೆಗೂ ಬಂದಿದ್ದೇನೆ, ಇನ್ನೇನು ಬೇಕು ಇವಳಿಗೆ ಅಂತ. ವಾಪಸ್ಸು ಬಸ್ಸಿನಲ್ಲಿ ಅರ್ಧ ದಾರಿ ಆ ಸಿಟ್ಟು ಇತ್ತು. ಆಮೇಲೆ ಅದು ಅವಳ ಮೇಲೆ ನಿಲ್ಲಲಿಲ್ಲ.

ಜನವರಿ 16, ಗುರುವಾರ

ಬೆಳಿಗ್ಗೆ ಡಿಪೋಗೆ ಹೋಗಿ ಬಲಗಿವಿ ಕೇಳುವುದಿಲ್ಲ ಅಂತ ಬರೆದುಕೊಟ್ಟೆ. ಎಂಟನೇ ತಾರೀಕಿನದ್ದೂ ಬರೆದೆ, ಕಪಾಳಕ್ಕೆ ಹೊಡೆದದ್ದೂ ಬರೆದೆ. ಮ್ಯಾನೇಜರ್ ಎರಡು ಸಲ ಓದಿದರು. "ಹತ್ತು ದಿನ ತಡ್ಕೊಂಡಿದ್ರೆ ಪದಕ ಬರ್ತಿತ್ತಲ್ರೀ" ಅಂದರು. ಬಲಗಡೆ ಕೂತು ಹೇಳಿದರು, ತುಟಿ ನೋಡಿ ತಿಳಿದುಕೊಂಡೆ. ಕಿವಿ ಪರೀಕ್ಷೆಗೆ ಕಾಗದ ಕೊಟ್ಟರು. ಮೂವತ್ತೊಂದು ವರ್ಷ ಎದುರು ಬಂದ ಎಲ್ಲ ಲಾರಿಗಳ ಏರ್ ಹಾರ್ನೂ ಆ ಕಿವಿಯೊಳಗೇ ಹೋಗಿದೆ. ನಾನು ಹೊಡೆದದ್ದು ಎಷ್ಟು ಜನರ ಕಿವಿಗೆ ಹೋಗಿದೆಯೋ.

ಸಂಜೆ ಶಿರಾದಲ್ಲಿ ನಾಲ್ಕೂವರೆ ಬಸ್ಸು ಹತ್ತಿದೆ, ಟಿಕೆಟ್ ತಗೊಂಡು. ಡ್ರೈವರ್ ಕುಮಾರಸ್ವಾಮಿ, ಹೊಸಬ. ಇಂಡಿಕೇಟರ್ ತಡವಾಗಿ ಹಾಕುತ್ತಾನೆ. ಹನುಮಕ್ಕನ ಹುರುಳಿ ಮೇಲೆ ಸರಿಯಾಗಿಯೇ ಹತ್ತಿಸಿದ. ನಾನು ಬಸ್ಸಿನ ಬಲಗಡೆ ಸೀಟು ಹಿಡಿದು, ಎಡಗಿವಿ ಒಳಕ್ಕೆ ಇಟ್ಟುಕೊಂಡು ಕೂತಿದ್ದೆ.

ಬಡವನಹಳ್ಳಿ ಸ್ಟಾಪಿನಲ್ಲಿ ನವೀನ್ ಮತ್ತು ಅವನ ಹೆಂಡತಿ ನಿಂತಿದ್ದರು. ಬರಬೇಕೆಂದು ಫೋನು ಮಾಡಿಸಿದ್ದೆ. ಗಂಗಲಕ್ಷ್ಮಿ ಕೆಂಪು ವಿಷಲ್ ಒಂದು ಸಲ ಜೋರಾಗಿ ಊದಿದಳು, ಬಸ್ಸೆಲ್ಲ ಸುಮ್ಮನಾಯಿತು. ನವೀನನನ್ನು ಮೇಲೆ ಹತ್ತಿಸಿಕೊಂಡು ಹೇಳಿದೆ. "ಅವತ್ತು ಈತ ಹಾರ್ನ್ ಹೊಡೆದಿದ್ದರು. ನನಗೆ ಬಲಗಿವಿ ಕ್ಯಾಮೆ ಮಾಡಲ್ಲ. ಸುಳ್ಳು ಹೇಳಿದ್ದು ನಾನು, ಹೊಡೆಸಿಕೊಂಡಿದ್ದು ಇವರು. ತಪ್ಪಾಯ್ತಪ್ಪ." ಕೈ ಮುಗಿದೆ.

ಯಾರಾದರೂ ಹೋಗಲಿ ಬಿಡಿ ಅನ್ನುತ್ತಾರೆ ಅಂದುಕೊಂಡಿದ್ದೆ. ದೊಡ್ಡರಂಗಯ್ಯ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಹಿಂದಿನಿಂದ ಒಬ್ಬ ಹೆಂಗಸು, "ಅಂಗಾರೆ ಇಷ್ಟ್ ದಿನ ಕಿವಿ ಕೇಳ್ದಂಗೇ ನಮ್ಮನ್ನ ಕೂರಿಸ್ಕಂಡು ಓಡ್ಸಿದ್ದಾ? ನನ್ ಮೊಮ್ಮಗಳು ದಿನಾ ಇದ್ರಾಗೇ ಬರ್ತಾಳೆ ಕಣಯ್ಯ" ಅಂದಳು. ಅದು ಎಡಗಡೆಯಿಂದ ಬಂತು, ಪೂರ್ತಿ ಕೇಳಿಸಿತು. ತೇಜಸ್ವಿನಿ ಕೆಳಗೆ ನಿಂತು ಎಲ್ಲ ಕೇಳಿಸಿಕೊಂಡು, ಗಂಡ ಇಳಿದ ಮೇಲೆ ಅವನ ಜೊತೆ ಅಂಗಡಿ ಕಡೆ ಹೋದಳು.

ಆ ಬಸ್ಸಿನಲ್ಲಿ ಮತ್ತೆ ಕೂರಲು ಮುಖವಿರಲಿಲ್ಲ. ಅಲ್ಲೇ ಇಳಿದೆ. ಎದುರುಗಡೆ ಟೀ ಅಂಗಡಿಗೆ ಹೋಗೋಣವೆಂದು ರಸ್ತೆಗೆ ಕಾಲಿಟ್ಟೆ. ಎರಡೂ ಕಡೆ ನೋಡಿದೆ ಅಂದುಕೊಂಡಿದ್ದೆ. ಬಲಗಡೆಯಿಂದ ಒಂದು ಲಾರಿ ನನ್ನ ಅಂಗಿ ಅಲ್ಲಾಡುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಡ್ರೈವರ್ ತಲೆ ಹೊರಗೆ ಹಾಕಿ ಬಾಯಿ ಬಿಟ್ಟು ಬೈದ. ಯಾವ ಬೈಗುಳ ಅಂತ ತುಟಿ ನೋಡಿಯೇ ಗೊತ್ತಾಯಿತು, ನಾನು ದಿನಾ ಬೈಯುತ್ತಿದ್ದದ್ದೇ. ತಿರುಗಿಸಿ ಬೈಯಲು ನಾನೂ ಬಾಯಿ ತೆರೆದೆ. ಅವನು ಹಾರ್ನ್ ಹೊಡೆದಿದ್ದನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಸರಿದು ನಿಂತೆ.